ಅಂಗಡಿಯ ಲೈಟು, ಗೆರೆ ಸೀರೆ ಮತ್ತು ಮೈಗ್ರೇನ್

ಪ್ರಶ್ನೆ: ನನಗೆ 34 ವರ್ಷ. ಗದಗ-ಬೆಟಗೇರಿಯ ಸೀರೆ ಅಂಗಡಿಯೊಂದರಲ್ಲಿ ಕೆಲಸ. ಕಾಲೇಜಿನಿಂದಲೂ ಮೈಗ್ರೇನ್ ಇದೆ. ಈಗೀಗ ತಲೆ ನೋಯದ ದಿನವೂ ಅಂಗಡಿಯ ಲೈಟು ಕಣ್ಣಿಗೆ ಚುಚ್ಚುತ್ತದೆ. ಒತ್ತೊತ್ತಾಗಿ ಗೆರೆ ಇರುವ ಸೀರೆ ಮಡಚುವಾಗ ಗೆರೆಗಳು ಅಲುಗಾಡಿದಂತೆ ಕಾಣುತ್ತವೆ. ಕಣ್ಣಿನ ಡಾಕ್ಟ್ರು ಏನೂ ತೊಂದರೆ ಇಲ್ಲ ಎಂದರು. ದಿನವಿಡೀ ಕೂಲಿಂಗ್ ಗ್ಲಾಸ್ ಹಾಕಿಕೊಂಡೇ ಇರುತ್ತೇನೆ. ಇದು ಬರೀ ನನ್ನ ಭ್ರಮೆಯೇ?

ಉತ್ತರ: ಭ್ರಮೆ ಅಲ್ಲರೀ. ಕಣ್ಣಿನ ಡಾಕ್ಟ್ರು ಹೇಳಿದ್ದೂ ಸರಿ, ನಿಮಗಾಗುತ್ತಿರುವುದೂ ನಿಜ. ಕಣ್ಣು ಚೆನ್ನಾಗಿದೆ. ಬೆಳಕನ್ನು ತಡೆದುಕೊಳ್ಳಲು ಆಗದಿರುವುದು ಮಿದುಳಿಗೆ.

ಬೆಳಕು ಎಷ್ಟಿದೆ ಎಂದು ಮಿದುಳಿಗೆ ತಿಳಿಸಲೆಂದೇ ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದಲ್ಲಿ ಕೆಲವು ಜೀವಕೋಶಗಳಿವೆ. ಅವು ಕಳಿಸುವ ಸುದ್ದಿ, ತಲೆನೋವಿನ ಸುದ್ದಿ ಹೊರುವ ಮಿದುಳಿನ ಕೋಶಗಳಿಗೇ ಹೋಗಿ ಸೇರುತ್ತದೆ. ಹಾಗಾಗಿ ಬೆಳಕು ನೋವನ್ನು ಕೆಣಕುತ್ತದೆ. ಚಿತ್ರ ಕಾಣದಿದ್ದರೂ ಬೆಳಕಿನ ಅರಿವು ಉಳಿದಿರುವ ಅಂಧರಿಗೂ ಮೈಗ್ರೇನ್ ಬಂದಾಗ ಬೆಳಕಿನಿಂದ ನೋವು ಹೆಚ್ಚುತ್ತದೆ ಎಂದು ನರವಿಜ್ಞಾನಿ ರಾಮಿ ಬರ್‌ಸ್ಟೀನ್ ಅವರ ತಂಡ 2010ರಲ್ಲಿ ತೋರಿಸಿತು.

ಗೆರೆಗಳ ಕಾಟವೂ ಹೀಗೇ. ಒತ್ತಾದ ಕಪ್ಪು-ಬಿಳಿ ಗೆರೆ ಯಾರ ಕಣ್ಣಿಗೂ ಕಿರಿಕಿರಿಯೇ. ಮೈಗ್ರೇನ್ ಇದ್ದವರಿಗೆ ಜಾಸ್ತಿ, ನೋವಿಲ್ಲದ ದಿನವೂ. ಅಂಥ ಸೀರೆಯನ್ನು ಪೂರ್ತಿ ಹರವಿ ದಿಟ್ಟಿಸಬೇಡಿ. ಅರ್ಧ ಮಡಿಕೆಯಲ್ಲೇ ಹಿಡಿದರೆ ಕಣ್ಣಿಗೆ ಬೀಳುವ ಗೆರೆ ಕಡಿಮೆ. ಗಿರಾಕಿಗೆ ಪೂರ್ತಿ ತೋರಿಸಲೇಬೇಕಾದಾಗ ನೀವು ಗಿರಾಕಿಯ ಮುಖ ನೋಡಿ. ವ್ಯಾಪಾರಕ್ಕೂ ಅದೇ ಒಳ್ಳೆಯದು, ಅಲ್ವಾ?

ಲೈಟನ್ನೂ ಪರೀಕ್ಷಿಸಿ. ಮೊಬೈಲ್ ಕ್ಯಾಮೆರಾ ಅದರತ್ತ ಹಿಡಿಯಿರಿ. ಪರದೆಯ ಮೇಲೆ ಕಪ್ಪು ಪಟ್ಟೆ ಹರಿದಾಡಿದರೆ ಆ ಲೈಟು ಕಣ್ಣಿಗೆ ಗೊತ್ತಾಗದಷ್ಟು ವೇಗವಾಗಿ ಮಿನುಗುತ್ತಿದೆ. ಅಂಗಡಿಯ ಎಲ್ಲ ಲೈಟು ಬದಲಿಸಿ ಎಂದರೆ ಮಾಲೀಕರು ಒಪ್ಪಲಿಕ್ಕಿಲ್ಲ. ನಿಮ್ಮ ತಲೆಯ ಮೇಲಿನದೊಂದನ್ನು ಬದಲಿಸಲು ಕೇಳಿ.

ಕೂಲಿಂಗ್ ಗ್ಲಾಸ್ ಮಾತ್ರ ಅಂಗಡಿಯೊಳಗೆ ಬೇಡವೇ ಬೇಡ. ಕಣ್ಣು ಕತ್ತಲಿಗೆ ಒಗ್ಗಿಬಿಡುತ್ತದೆ, ಆಮೇಲೆ ಸಾದಾ ಬೆಳಕೂ ಚುಚ್ಚುತ್ತದೆ. ಒಮ್ಮೆಲೇ ಬಿಡಲು ಕಷ್ಟವಾದರೆ ದಿನಕ್ಕಿಷ್ಟು ಹೊತ್ತು ಅಂತ ಕಡಿಮೆ ಮಾಡಿ. ಹೊರಗೆ ಬಿಸಿಲಿಗೆ ಧಾರಾಳವಾಗಿ ಹಾಕಿ. ಒಳಗೆ ಬೇಕೇ ಬೇಕೆಂದರೆ ಎಫ್‌ಎಲ್-41 ಎಂಬ ತಿಳಿಗುಲಾಬಿ ಛಾಯೆಯ ಗಾಜು ಇದೆ. ಕೆಲವರಿಗೆ ಒಗ್ಗುತ್ತದೆ, ಎಲ್ಲರಿಗೂ ಅಲ್ಲ.

ನನಗೆ ಹೆಚ್ಚು ಚಿಂತೆ ಬೇರೆಯದು. ತಿಂಗಳಲ್ಲಿ ಎಷ್ಟು ದಿನ ಮಾತ್ರೆ ನುಂಗುತ್ತೀರಿ? ನೀವು ಬರೆದಿಲ್ಲ. ಸಾದಾ ಪ್ಯಾರಾಸಿಟಮಾಲ್ 15 ದಿನ, ಹಲವು ಔಷಧ ಬೆರೆತ ನೋವಿನ ಮಾತ್ರೆ 10 ದಿನ, ಹೀಗೆ ಮೂರು ತಿಂಗಳಿಗಿಂತ ಹೆಚ್ಚು ನಡೆದರೆ ಮಾತ್ರೆಯೇ ತಲೆನೋವು ತರಬಹುದು. ಕ್ಯಾಲೆಂಡರಿನಲ್ಲಿ ನೋವಿನ ದಿನ, ಮಾತ್ರೆಯ ದಿನ ಗುರುತು ಹಾಕಿ, ಅದನ್ನು ಹಿಡಿದುಕೊಂಡೇ ನರರೋಗ ತಜ್ಞರನ್ನು ಕಾಣಿ. ನೋವು ಬರದಂತೆ ತಡೆಯುವ ಮಾತ್ರೆಗಳಿವೆ. ನೋವು ಹತೋಟಿಗೆ ಬಂದರೆ ಬೆಳಕಿನ ಕಾಟವೂ ಎಷ್ಟೋ ಇಳಿಯುತ್ತದೆ.

ಒಮ್ಮೆಲೇ ಸಿಡಿಲು ಬಡಿದಂತೆ ತಲೆನೋವು ಬಂದರೆ, ಕೈಕಾಲು ಸೋತರೆ, ಜ್ವರದ ಜೊತೆ ಕತ್ತು ಬಿಗಿದರೆ, ಕಣ್ಣು ಕೆಂಪಾಗಿ ನೋಟ ಮಸುಕಾದರೆ ಕ್ಯಾಲೆಂಡರ್ ಬಿಡಿ, ಅವತ್ತೇ ಆಸ್ಪತ್ರೆಗೆ ಹೋಗಿ.