ನೀವು ಕೇಳಿದ್ರಿ: ಹೆಗಲ ಭಾರ ಮತ್ತು ಮನೆ ಹೊಲಿಗೆ ಮಿಷನ್ನು

ಪ್ರಶ್ನೆ: ನಾವು ಫ್ರೆಂಡ್ಸೆಲ್ಲ ಸೇರಿ ಜೇನುಕಲ್ಲು ಗುಡ್ಡ, ಎತ್ತಿನಭುಜ ಕಡೆ ಟ್ರೆಕ್ಕಿಂಗ್ ಹೋಗ್ತಿರ್ತೀವಿ. ಒಳ್ಳೆ ಟೆಂಟ್ ರೇಟ್ ಕೇಳಿದ್ರೆ ತಲೆ ತಿರುಗುತ್ತೆ, ಕಮ್ಮಿ ರೇಟಿಂದು ಮೂರು ಕೆಜಿ ತೂಗುತ್ತೆ. ಅಮ್ಮನ ಹೊಲಿಗೆ ಮಿಷನ್ ಇದೆ, ನಾನೇ ಹೊಲಿಬೋದಾ?
– ಕಾಲೇಜು ವಿದ್ಯಾರ್ಥಿ, ಹಾಸನ

ಟೆಂಟ್ ಬೇಡ ಮಾರಾಯ, ಜಿಪ್ಪು ನೆಟ್ಟು ಕಂಬಿ ಅಂತ ಶುರು ಮಾಡಿದ್ರೆ ಅರ್ಧಕ್ಕೆ ಬಿಟ್ಟು ಮಿಷನ್ ಕೆಳಗೆ ತುರುಕ್ತೀಯ. ಮೊದ್ಲು ಒಂದು ಟಾರ್ಪ್ ಹೊಲಿ, ಅಂದ್ರೆ ಹಗ್ಗದಲ್ಲಿ ಎಳೆದು ಕಟ್ಟಿ ಕೆಳಗೆ ಮಲಗೋ ಸೂರಿನ ಬಟ್ಟೆ. ನಾಲ್ಕು ಮೂಲೆ, ನೇರ ಹೊಲಿಗೆ, ಅಷ್ಟೇ. ತೂಕದ ಲೆಕ್ಕ ಹೇಳ್ತೀನಿ ಕೇಳು. ಕಣದಲ್ಲಿ ಕಾಫಿ ಮುಚ್ಚೋ ಟಾರ್ಪಾಲು 120 ಜಿಎಸ್‌ಎಂದು ಅಂದ್ರೆ ಒಂದು ಚದರ ಮೀಟರಿಗೆ 120 ಗ್ರಾಂ, 3 ಮೀಟರ್ ಉದ್ದ 3 ಮೀಟರ್ ಅಗಲ ಇದ್ರೆ ಒಂದು ಕೆಜಿ ದಾಟ್ತು. ಅದೇ ಸಿಲ್‌ನೈಲಾನ್, ಅಂದ್ರೆ ಸಿಲಿಕೋನ್ ಕುಡಿಸಿರೋ ತೆಳ್ಳಗಿನ ನೈಲಾನ್ ಬಟ್ಟೆ, ಚದರ ಮೀಟರಿಗೆ ಹೆಚ್ಚುಕಮ್ಮಿ 50 ಗ್ರಾಂ, ಹಂಗಾಗಿ ಅದೇ ಅಳತೆಗೆ 450 ಗ್ರಾಂ. ದುಡ್ಡಿಲ್ಲ ಅಂದ್ರೆ 50 ಮೈಕ್ರಾನ್ ಪ್ಲಾಸ್ಟಿಕ್ ಶೀಟ್ ತಗೋ, ಅದೂ ಅಷ್ಟೇ ತೂಕ, ಆದ್ರೆ ಮುಳ್ಳು ತಾಗಿದ್ರೆ ಹರಿಯುತ್ತೆ. ಕಲಿಯೋಕೆ ಸಾಕು.

ಬಟ್ಟೆ ಅಗಲ ಸಾಮಾನ್ಯವಾಗಿ ಒಂದೂವರೆ ಮೀಟರ್ ಬರುತ್ತೆ, ಎರಡು ತುಂಡು ಮಧ್ಯಕ್ಕೆ ಜೋಡಿಸ್ಬೇಕು. ಜೀನ್ಸ್ ಪ್ಯಾಂಟಿನ ಕಾಲಲ್ಲಿ ಇರುತ್ತಲ್ಲ, ಎರಡೂ ಅಂಚು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿಗೆ, ಅದೇ ಥರ. ದಾರ ಪಾಲಿಯೆಸ್ಟರ್ದೇ ಇರ್ಲಿ, ಕಾಟನ್ ದಾರ ನಮ್ಮ ಮಳೇಲಿ ಕೊಳೆಯುತ್ತೆ. ಸೂಜಿ ಸಣ್ಣದು, 11ನೇ ನಂಬರು. ಈ ಬಟ್ಟೆ ವಿಪರೀತ ಜಾರುತ್ತೆ, ಗುಂಡುಪಿನ್ನು ಚುಚ್ಚಿದ್ರೆ ತೂತೇ ಸೋರೋದು, ಅದಕ್ಕೆ ಬಟ್ಟೆ ಒಣಗಿಸೋ ಕ್ಲಿಪ್ ಹಾಕಿ ಹಿಡ್ಕೋ, ಹೊಲಿಗೆ ತೀರಾ ಒತ್ತೊತ್ತಾಗಿ ಹಾಕ್ಬೇಡ, ಹಾಕಿದ್ರೆ ಆ ಸಾಲಲ್ಲೇ ಹರಿಯುತ್ತೆ. ಮೂಲೆಗಳಿಗೆ ಇನ್ನೊಂದು ಪದರ ಬಟ್ಟೆ ಕೊಟ್ಟು ಬ್ಯಾಗಿಗೆ ಹಾಕೋ ಪಟ್ಟಿ ಲೂಪ್ ಮಾಡಿ ಹೊಲಿ, ಗಾಳಿ ಎಳೆಯೋದೆಲ್ಲ ಅಲ್ಲೇ.

ಇನ್ನೊಂದು ಮಾತು, ನೈಲಾನ್ ನೀರು ಕುಡಿದ್ರೆ ಜೋತು ಬೀಳುತ್ತೆ, ಮಲಗೋ ಮುಂಚೆ ಎದ್ದು ಹೋಗಿ ಹಗ್ಗ ಬಿಗಿ ಮಾಡ್ಬೇಕು. ಅದೇ ಥರ ಸಿಲಿಕೋನ್ ಕುಡಿಸಿರೋ ಪಾಲಿಯೆಸ್ಟರ್ ಬಟ್ಟೆ ಸಿಕ್ರೆ ಈ ಕಾಟ ಕಮ್ಮಿ, ನಮ್ಮ ಮಲೆನಾಡಿಗೆ ನನ್ನ ಓಟು ಅದಕ್ಕೇನೆ. ಮಳೆಗಾಲದ ಗಾಳಿ ಪಡುವಣದಿಂದ, ಆ ಕಡೆ ನೆಲಕ್ಕೆ ತಾಗಿಸಿ ಕಟ್ಟು. ಕೆಳಗೆ ಹಾಸೋಕೆ ನಿಮ್ಮೂರ ಮೆಣಸಿನಕಾಯಿ ಹೊಲದವ್ರ ಹತ್ರ ಗಿಡದ ಬುಡಕ್ಕೆ ಹಾಸೋ ಪ್ಲಾಸ್ಟಿಕ್ ಮಲ್ಚಿಂಗ್ ಶೀಟ್ ಎರಡು ಮೀಟರ್ ಕೇಳು. 30 ಮೈಕ್ರಾನ್ದು, ನಾಲ್ಕಡಿ ಅಗಲ, ನೂರು ಗ್ರಾಮೂ ಬರಲ್ಲ. ಕಾಡಲ್ಲಿ ಇಲಾಖೆ ಪರ್ಮಿಷನ್ ಇಲ್ದೆ ರಾತ್ರಿ ಉಳಿಯೋ ಹಾಗಿಲ್ಲ, ಮೊದ್ಲು ಯಾರದಾದ್ರೂ ತೋಟದಲ್ಲಿ ಕೇಳ್ಕೊಂಡು ಕಟ್ಟಿ ನೋಡು. ಹಗ್ಗ ಮಾತ್ರ ಮೆಣಸಿನ ಬಳ್ಳಿ ಹಬ್ಬಿರೋ ಸಿಲ್ವರ್ ಓಕಿಗೆ ಬಿಗಿಬೇಡ, ಮಾಲೀಕ್ರು ಸುಮ್ನೆ ಬಿಡಲ್ಲ.

ಪ್ರಶ್ನೆ: ಸಾಫ್ಟ್ ಡ್ರಿಂಕ್ ಕ್ಯಾನಲ್ಲಿ ಸ್ಪಿರಿಟ್ ಸ್ಟೌ ಮಾಡಿದೀನಿ, ಮುಳ್ಳಯ್ಯನಗಿರಿ ಕಡೆ ಒಯ್ಯಬೋದಾ ಸಾರ್?
– ಬ್ಯಾಂಕ್ ಉದ್ಯೋಗಿ, ಚಿಕ್ಕಮಗಳೂರು

ಬೇಡ. ಸ್ಟೌ ಒಳ್ಳೇದೇ, ಕ್ಯಾನಿಗೆ ಒಂದು ಹಿಡಿ ತೂಕವೂ ಇಲ್ಲ, 25 ಎಂಎಲ್ ಸ್ಪಿರಿಟ್ಟಲ್ಲಿ ಅರ್ಧ ಲೀಟರ್ ನೀರು ಕುದಿಯುತ್ತೆ, ಎಲ್ಲ ಸರಿ. ಆದ್ರೆ ಸ್ಪಿರಿಟ್ ಉರಿ ಬಿಸಿಲಲ್ಲಿ ಕಣ್ಣಿಗೇ ಕಾಣಲ್ಲ, ಉರೀತಿಲ್ಲ ಅನ್ಕೊಂಡು ಮತ್ತೆ ಸುರಿಯೋರು ಇದಾರೆ, ಮಗುಚಿದ್ರೆ ಹರ್ಕೊಂಡು ಹೋಗಿ ಉರಿಯುತ್ತೆ, ಜನವರಿಯಿಂದ ಏಪ್ರಿಲ್ ತನಕ ಆ ಗಿರಿಯ ಹುಲ್ಲು ಹೆಂಗಿರುತ್ತೆ ಅಂತ ನಿಮಗೆ ನಾನು ಹೇಳ್ಬೇಕಾ? ಟಾರ್ಪ್ ಒಳಗಂತೂ ಹಚ್ಚಲೇಬೇಡಿ, ವಿಷಗಾಳಿ ತುಂಬ್ಕೊಳುತ್ತೆ. ಮನೆ ಅಂಗಳದಲ್ಲಿ ಟೀ ಕಾಸಿ. ಗಿರಿಗೆ ಹುರಿಹಿಟ್ಟು, ಬೆಲ್ಲ, ಅವಲಕ್ಕಿ ಒಯ್ದ್ರೆ ಸ್ಟೌ, ಪಾತ್ರೆ, ಸ್ಪಿರಿಟ್ ಬಾಟ್ಲಿ ಮೂರೂ ಮನೇಲೇ ಉಳಿಯುತ್ತೆ, ತೂಕ ಇಳಿಸೋದು ಅಂದ್ರೆ ಅದೇ ಅಲ್ವಾ.

ಪ್ರಶ್ನೆ: ನನಗೆ 58 ವರ್ಷ, ಮೊಣಕಾಲು ಸ್ವಲ್ಪ ನೋವು. ಬ್ಯಾಕ್‌ಪ್ಯಾಕ್ ಖಾಲಿ ಇದ್ದಾಗ್ಲೇ ಭಾರ. ನಾನೇ ಹೊಲ್ಕೊಂಡ್ರೆ ನಡೆಯುತ್ತಾ, ಜನ ನಗಲ್ವಾ?
– ನಿವೃತ್ತ ಶಿಕ್ಷಕಿ, ಅರಸೀಕೆರೆ

ನಗ್ಲಿ ಬಿಡಿ ಮೇಡಂ. ಅಮೆರಿಕದಲ್ಲಿ ಎಮ್ಮಾ ಗೇಟ್‌ವುಡ್ ಅಂತ ಒಬ್ರು ಅಜ್ಜಿ, ಹನ್ನೊಂದು ಮಕ್ಕಳ ತಾಯಿ, 1955ರಲ್ಲಿ 67ನೇ ವಯಸ್ಸಲ್ಲಿ ಅಪಲೇಷಿಯನ್ ಟ್ರೇಲ್ ಅನ್ನೋ ಮೂರು ಸಾವಿರ ಕಿಲೋಮೀಟರಿಗೂ ಉದ್ದದ ದಾರೀನ ಒಬ್ರೇ ನಡೆದ್ರು. ಕೈಯಾರೆ ಹೊಲಿದ ಒಂದು ಚೀಲ, ಅದನ್ನ ಒಂದು ಹೆಗಲಿಗೆ ಹಾಕ್ಕೊಂಡು, ಕಾಲಿಗೆ ಕ್ಯಾನ್ವಾಸ್ ಶೂ, ಮಳೆಗೆ ಬಾತ್‌ರೂಮ್ ಪರದೆ. ಆ ಪರದೆಗೂ ನಮ್ಮ ಕಡೆ ನಾಟಿ ಗದ್ದೇಲಿ ಹೆಂಗಸ್ರು ಹಾಕ್ಕೊಳೋ ಪ್ಲಾಸ್ಟಿಕ್ ಕೊಪ್ಪೆಗೂ ಏನು ವ್ಯತ್ಯಾಸ ಹೇಳಿ. ನಿಜ ಹೇಳ್ಬೇಕು ಅಂದ್ರೆ ಕೊಪ್ಪೆ ರೈನ್‌ಕೋಟಿಗಿಂತ ವಾಸಿ, ಕೆಳಗಿಂದ ಗಾಳಿ ಆಡುತ್ತೆ, ಬೆವರಿ ಒಳಗೇ ನೆನೆಯೋದು ತಪ್ಪುತ್ತೆ.

ಚೀಲ ಮಾತ್ರ ಕೊನೇಗೆ ಹೊಲೀರಿ. ಮಿಕ್ಕಿದ್ದೆಲ್ಲ ಕಮ್ಮಿ ಆದ್ಮೇಲೆ ರಾಶಿ ಹಾಕಿ ಅಡುಗೆಮನೆ ತಕ್ಕಡೀಲಿ ಒಂದೊಂದೇ ತೂಗಿ, ಆಮೇಲೆ ಎಷ್ಟು ದೊಡ್ಡ ಚೀಲ ಬೇಕು ಅಂತ ತಾನೇ ಗೊತ್ತಾಗುತ್ತೆ. ಒಟ್ಟು ಐದು ಕೆಜಿ ಒಳಗಿದ್ರೆ ಸೊಂಟದ ಬೆಲ್ಟು, ಒಳಗಿನ ಕಂಬಿ ಯಾವುದೂ ಬೇಕಾಗಲ್ಲ. ಮೊದಲ ಸ್ಯಾಂಪಲ್ಲನ್ನ ಪ್ಲಾಸ್ಟಿಕ್ ಅಕ್ಕಿ ಚೀಲದಲ್ಲೇ ಹೊಲೀರಿ, ಅದು ನೀರು ಕುಡಿಯಲ್ಲ, ಹಗುರ, ಬಿಸಿಲಿಗೆ ತಿಂಗಳುಗಟ್ಲೆ ಬಿಟ್ರೆ ಮಾತ್ರ ಪುಡಿಪುಡಿ. ಹೆಗಲಪಟ್ಟಿ ಅಗಲ ಇರ್ಲಿ, ಒಳಗೆ ಪ್ಯಾಕಿಂಗ್ ಫೋಮ್ ಇಡಿ. ಬಟ್ಟೆಬರೆ ತುಂಬೋ ಸಣ್ಣ ಚೀಲಕ್ಕೆ ಮುರಿದ ಛತ್ರಿ ಬಟ್ಟೆ ಸಾಕು. ಮೊಣಕಾಲಿಗೆ ಡಾಕ್ಟ್ರನ್ನೇ ಕೇಳಿ.

ಪ್ರಶ್ನೆ: ಇಂಬಳಕ್ಕೆ ಸಾಕ್ಸ್ ಹೊಲಿಯೋದು ಹೆಂಗೆ?
– ಓದುಗರು, ಮೂಡಿಗೆರೆ

ಒತ್ತು ನೇಯ್ಗೆಯ ಪಾಪ್ಲಿನ್ ತಗೊಳ್ಳಿ. ಮಾಮೂಲಿ ಸಾಕ್ಸಿನ ಹೆಣಿಗೆ ಸಂದೀಲಿ ಇಂಬಳ ಕಚ್ಚುತ್ತೆ, ಇದರಲ್ಲಿ ಆಗಲ್ಲ. ಬಿಳಿ ಬಣ್ಣ ಇರ್ಲಿ, ಹತ್ತೋದು ಕಾಣುತ್ತೆ. ಮೊಣಕಾಲ ತನಕ ಉದ್ದ, ಮೇಲೆ ಲಾಡಿ, ಹೊಲಿಗೆ ಅಂಚು ಹೊರಗಡೆಗೆ ಬರ್ಲಿ, ಇಲ್ದಿದ್ರೆ ಶೂ ಒಳಗೆ ಉಜ್ಜಿ ಬೊಬ್ಬೆ ಬರುತ್ತೆ. ಒಳಗೆ ಪ್ಯಾಂಟು ತುರುಕಿ ಕಟ್ಟಿ.

ಪ್ರಶ್ನೆ: ನಾನು ಟೈಲರ್. ಹುಡುಗ್ರು ಒಂದಿಬ್ಬರು ಸಿಲ್‌ನೈಲಾನ್ ತಂದು ಟಾರ್ಪ್ ಹೊಲಿಸ್ಕೊಂಡ್ರು, ಈಗ ಹೊಲಿಗೇಲಿ ನೀರಿಳಿಯುತ್ತೆ ಅಂತ ಜಗಳಕ್ಕೆ ಬಂದಿದಾರೆ. ತಪ್ಪು ನಂದಾ?
– ಬೇಲೂರು

ಅಲ್ಲ ಅಣ್ಣ, ಸೂಜಿ ತೂತಲ್ಲಿ ನೀರು ಇಳಿಯೋದೇ. ಹಾರ್ಡ್‌ವೇರ್ ಅಂಗಡೀಲಿ ಸಿಗೋ ಕ್ಲಿಯರ್ ಸಿಲಿಕೋನ್ ಸೀಲೆಂಟನ್ನ ಪೇಂಟಿಗೆ ಹಾಕೋ ಟರ್ಪೆಂಟೈನಲ್ಲಿ ಕಲಸಿ, ಬ್ರಷ್ಷಲ್ಲಿ ಹಚ್ಚೋ ಅಷ್ಟು ತೆಳ್ಳಗೆ ಮಾಡಿ, ಹೊಲಿಗೆ ಮೇಲೆ ಬಳಿದು ಒಂದು ದಿನ ಹೊರಗೆ ಒಣಗಿಸಿ, ಆಮೇಲೆ ಮೇಲೆ ಸ್ವಲ್ಪ ಪೌಡರ್ ಉದುರಿಸಿದ್ರೆ ಮಡಚಿಟ್ಟಾಗ ಅಂಟಲ್ಲ. ಇದು ಸಿಲಿಕೋನ್ ಬಟ್ಟೆಗೆ ಮಾತ್ರ, ಪಿಯು, ಅಂದ್ರೆ ಪಾಲಿಯುರೆಥೇನ್ ಕೋಟಿಂಗ್ ಬಟ್ಟೆಗೆ ಸರಿಯಾಗಿ ಹಿಡಿಯಲ್ಲ, ಅದಕ್ಕೆ ಬೇರೆ ಸೀಲರ್ ಬರುತ್ತೆ. ಮುಂದಿನ ಸಲ ಯಾರಾದ್ರೂ ತಂದ್ರೆ ಹೊಲಿಗೆ ಕೂಲಿ ಬೇರೆ, ಸೀಲ್ ಮಾಡೋ ಕೂಲಿ ಬೇರೆ ಅಂತ ಮೊದ್ಲೇ ಹೇಳ್ಬಿಡಿ.