ಐದು ಲಕ್ಷದೊಳಗೆ ಹಳೇ ಜಿಪ್ಸಿ: ಮೊದಲು ಚಾಸಿ, ಆಮೇಲೆ ಕಾಗದ, ಎಂಜಿನ್ ಕೊನೆಗೆ

ನೀವು ಕೇಳಿರೋದು ಇಷ್ಟು: ಬಜೆಟ್ ಐದು ಲಕ್ಷ, ಇರೋದು ಬೆಂಗಳೂರಲ್ಲಿ, ಶನಿವಾರ-ಭಾನುವಾರ ಸಕಲೇಶಪುರ, ಮೂಡಿಗೆರೆ ಕಡೆ ಮಣ್ಣುದಾರಿಯಲ್ಲಿ ಓಡಿಸೋಕೆ ಒಂದು ಹಳೇ ಫೋರ್ ವೀಲ್ ಡ್ರೈವ್ ಬೇಕು. ಮಾರುತಿ ಜಿಪ್ಸಿನಾ, ಮಹೀಂದ್ರಾ ಥಾರಾ, ಹಳೇ ಮಹೀಂದ್ರಾ ಜೀಪಾ? ನೋಡೋಕೆ ಹೋದಾಗ ಏನೇನು ಪರೀಕ್ಷೆ ಮಾಡಬೇಕು?

ನನ್ನ ಓಟು ಜಿಪ್ಸಿಗೆ, ಅದರಲ್ಲೂ 2000ದ ನಂತರದ ಎಂಪಿಎಫ್ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರೋ) ಜಿಪ್ಸಿ ಕಿಂಗ್‌ಗೆ. 1.3 ಲೀಟರ್, 16 ವಾಲ್ವ್, 80 ಬಿಎಚ್‌ಪಿ. ಆ ಜಿ13ಬಿಬಿ ಎಂಜಿನ್ನೇ ಮಾರುತಿ ಎಸ್ಟೀಮ್ ಕಾರಿನಲ್ಲೂ ಬಂದಿದ್ದರಿಂದ ಬಿಡಿಭಾಗಕ್ಕೆ ಪರದಾಡಬೇಕಿಲ್ಲ. ಗಾಡಿ ತೂಕ ಒಂದು ಟನ್ ಆಸುಪಾಸು. ಮಲೆನಾಡಿನ ಜಾರುಮಣ್ಣಲ್ಲಿ ಪವರ್‌ಗಿಂತ ಹೆಚ್ಚು ಕಾಪಾಡೋದು ಈ ಹಗುರತನವೇ. ಹೂತುಕೊಂಡರೂ ನಾಲ್ಕು ಜನ ಸೇರಿ ತಳ್ಳಿ ಎತ್ತಬಹುದು. ಹಳೇ ಡೀಸೆಲ್ ಥಾರ್ ಸಿಆರ್‌ಡಿಇಯಲ್ಲಿ 105 ಬಿಎಚ್‌ಪಿ, 247 ಎನ್‌ಎಂ ಟಾರ್ಕ್ ಇದೆ, 2015ರ ನಂತರದವುಗಳಲ್ಲಿ ಹಿಂದಿನ ಆ್ಯಕ್ಸಲ್‌ಗೆ ಲಾಕಿಂಗ್ ಡಿಫರೆನ್ಷಿಯಲ್ (ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಬಲ ಕೊಡೋದು) ಕೂಡ ಇದೆ. ಆದರೆ ನಿಮ್ಮ ದುಡ್ಡಿಗೆ ಸಿಗೋದು ಚೆನ್ನಾಗಿ ದುಡಿದು ಸವೆದ ಥಾರ್. ಹಳೇ ಎಂಎಂ 540 ಜೀಪಿನ ಕಥೆ ಬೇರೆ: ಗಟ್ಟಿ ಗಾಡಿ, ಆದರೆ ಬಾಡಿ ಯಾವ ಊರಿನ ಶೆಡ್ಡಲ್ಲಿ ಕಟ್ಟಿದ್ದು, ಎಂಜಿನ್ ಎಷ್ಟನೇದು ಅಂತ ಹೇಳೋರು ಸಿಗಲ್ಲ. ಮೊದಲ ಗಾಡಿಗೆ ಅದು ಬೇಡ.

ಈಗ ಜಿಪ್ಸಿ ನೋಡೋ ಕ್ರಮ. ಹೆಚ್ಚಿನವರು ಬಾನೆಟ್ ಎತ್ತಿ ಶುರು ಮಾಡ್ತಾರೆ. ನೀವು ಕೆಳಗಿಂದ ಶುರು ಮಾಡಿ. ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ದುಡ್ಡು ಕೊಟ್ಟು ಸರಿಮಾಡಿಸಬಹುದು. ಕೊಳೆತ ಚಾಸಿಯನ್ನ (ಗಾಡಿ ಪೂರ್ತಿ ಕೂತಿರೋ ಉಕ್ಕಿನ ಚೌಕಟ್ಟನ್ನ) ಸರಿಮಾಡಿಸೋಕೆ ಆಗಲ್ಲ, ವೆಲ್ಡಿಂಗ್ ಮಾಡಿ ಮುಚ್ಚಿಡಬಹುದು ಅಷ್ಟೆ. ಕೈಯಲ್ಲಿ ಒಂದು ಟಾರ್ಚು, ಚಿಕ್ಕ ಸುತ್ತಿಗೆ, ದಪ್ಪ ಸ್ಕ್ರೂಡ್ರೈವರ್, ನಿಮ್ಮದೇ ಒಂದು ಜ್ಯಾಕು, ಮಲಗೋಕೆ ಹಳೇ ಗೋಣಿಚೀಲ ಇರಲಿ. (ಮಳೆಗಾಲದಲ್ಲಿ ಎಸ್ಟೇಟಿನಲ್ಲೇ ಗಾಡಿ ನೋಡೋದಾದರೆ ಇಂಬಳಕ್ಕೆ ಸುಣ್ಣವೂ ಇರಲಿ.)

ಚಾಸಿಯ ಎರಡೂ ಉದ್ದದ ರೈಲನ್ನ ಮುಂದಿನಿಂದ ಹಿಂದಿನವರೆಗೆ ಅಂಗೈ ಅಗಲಕ್ಕೊಂದು ಕಡೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಲೋಹ ಠಣ್ ಅನ್ನುತ್ತೆ. ತುಕ್ಕು ಒಳಗಿಂದ ತಿಂದಿರೋ ಕಡೆ, ಅಥವಾ ಒಳಗೆ ಮಣ್ಣು ತುಂಬಿರೋ ಕಡೆ ಡಬ್ ಅನ್ನುತ್ತೆ. ಅಲ್ಲಿ ಸ್ಕ್ರೂಡ್ರೈವರ್ ಒತ್ತಿ. ಚಕ್ಕೆ ಎದ್ದರೆ, ಅಥವಾ ಮೊನೆ ಒಳಗಿಳಿದರೆ, ಮಾತು ಅಲ್ಲಿಗೇ ಮುಗಿಸಿ. ಮುಖ್ಯವಾಗಿ ನೋಡಬೇಕಾದ ಜಾಗಗಳು: ಹಿಂದಿನ ಚಕ್ರದ ಮೇಲೆ ರೈಲು ಬಾಗುವಲ್ಲಿ, ಕಟ್ಟಕಡೆಯ ಕ್ರಾಸ್ ಮೆಂಬರ್ (ಎರಡು ರೈಲನ್ನ ಜೋಡಿಸೋ ಅಡ್ಡಪಟ್ಟಿ), ಲೀಫ್ ಸ್ಪ್ರಿಂಗಿನ ಶ್ಯಾಕಲ್ (ಸ್ಪ್ರಿಂಗಿನ ತುದಿ ಹಿಡಿದಿರೋ ಕೊಂಡಿ) ಕೂರೋ ಬ್ರಾಕೆಟ್ಟು, ಬಾಡಿ ಮೌಂಟ್‌ಗಳ ಸುತ್ತ, ಮತ್ತೆ ಸ್ಟೀರಿಂಗ್ ಬಾಕ್ಸ್ ಬೋಲ್ಟ್ ಆಗಿರೋ ಜಾಗ. ಕೊನೆಯದನ್ನ ಯಾರೂ ನೋಡಲ್ಲ. ದೊಡ್ಡ ಟೈರ್ ಹಾಕಿ ಕಲ್ಲುದಾರಿಯಲ್ಲಿ ಓಡಿಸಿದ ಗಾಡಿಯಲ್ಲಿ ಅಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿರುತ್ತೆ. ಒಬ್ಬರು ನಿಂತ ಗಾಡಿಯ ಸ್ಟೀರಿಂಗನ್ನ ಎಡಕ್ಕೂ ಬಲಕ್ಕೂ ಅಲ್ಲಾಡಿಸಲಿ, ನೀವು ಟಾರ್ಚ್ ಬಿಟ್ಟು ನೋಡಿ. ಸೀಳಿದ್ದರೆ ಬಾಯಿ ಬಿಟ್ಟು ಮುಚ್ಚೋದು ಕಾಣುತ್ತೆ.

ಕೆಳಗೆಲ್ಲ ಹೊಸದಾಗಿ ಕಪ್ಪು ಆ್ಯಂಟಿ ರಸ್ಟ್ ಕೋಟಿಂಗ್ ಬಳಿದಿದ್ದರೆ ಖುಷಿಪಡಬೇಡಿ, ಇನ್ನೂ ಜೋರಾಗಿ ತಟ್ಟಿ. ಮಂಗಳೂರು, ಉಡುಪಿ ಕಡೆ ಓಡಿದ ಗಾಡಿಗೆ ಉಪ್ಪುಗಾಳಿ, ಮಲೆನಾಡಿನದಕ್ಕೆ ತೊಳೆಯದೆ ಬಿಟ್ಟ ಕೆಸರು. ಒಳಗೆ ಬಂದು ಮ್ಯಾಟ್ ಎತ್ತಿ ಡ್ರೈವರ್ ಕಾಲಿನ ಕೆಳಗಿನ ಫ್ಲೋರ್ ನೋಡಿ, ವಿಂಡ್‌ಶೀಲ್ಡ್ ಫ್ರೇಮಿನ ಕೆಳ ಅಂಚು ನೋಡಿ. ಇವೆರಡು ಟಿಂಕರಿಂಗ್ ಕೆಲಸ. ತೂತಿದ್ದರೂ ಗಾಡಿ ಬಿಡಬೇಕಿಲ್ಲ, ಚೌಕಾಸಿಗೆ ಬಳಸಿಕೊಳ್ಳಿ. ಹಿಂದಿನ ಬಾಗಿಲಿಗೆ ದೊಡ್ಡ ಸ್ಟೆಪ್ನಿ ನೇತು ಹಾಕಿದ್ದರೆ ಹಿಂಜು ಸೀಳಿದೆಯಾ ಅನ್ನೋದನ್ನೂ ನೋಡಿ.

ಮುಂದಿನ ಆ್ಯಕ್ಸಲ್‌ಗೆ ಸಮಯ ಕೊಡಿ, ಖರ್ಚು ಅಡಗಿ ಕೂತಿರೋದು ಇಲ್ಲೇ. ಚಕ್ರದ ಒಳಬದಿಯಲ್ಲಿ ಗುಂಡಗೆ ಕಾಣೋ ನಕಲ್ (ಚಕ್ರ ಎಡಬಲಕ್ಕೆ ತಿರುಗೋ ಕೀಲು) ಮೇಲೆ ತೆಳುವಾಗಿ ಗ್ರೀಸ್ ಮೆತ್ತಿರೋದು ಸಹಜ. ಗೇರ್ ಆಯಿಲ್ ತೊಟ್ಟಿಕ್ಕುತ್ತಿದ್ದರೆ ಒಳಗಿನ ಆ್ಯಕ್ಸಲ್ ಸೀಲ್ ಹೋಗಿದೆ ಅಂತ. ಜ್ಯಾಕ್ ಹಾಕಿ ಚಕ್ರ ಎತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ. ಆಟ (ಸಡಿಲ ಅಲುಗಾಟ) ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತೋಕೆ ಹೇಳಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ವೀಲ್ ಬೇರಿಂಗು, ನಿಲ್ಲದಿದ್ದರೆ ಆ ನಕಲ್ ತಿರುಗೋ ಕಿಂಗ್‌ಪಿನ್ ಬೇರಿಂಗು. ಜಿಪ್ಸಿ 60–80ರ ವೇಗದಲ್ಲಿ ಸ್ಟೀರಿಂಗ್ ನಡುಗಿಸೋದಕ್ಕೆ ಈ ಕಿಂಗ್‌ಪಿನ್ನೇ ಮೊದಲ ಕಾರಣ. ಆಮೇಲೆ ಟೈ ರಾಡ್ ಎಂಡು, ವೀಲ್ ಬ್ಯಾಲೆನ್ಸಿಂಗು. ಹೊಸ ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗಿನ ನಡುಕ ಹೀರೋ ಶಾಕ್ ಅಬ್ಸಾರ್ಬರ್) ಹಾಕಿ ನಡುಕ ಮರೆಮಾಚಿ ಮಾರೋರು ಇದ್ದಾರೆ. ಮಿಕ್ಕಿದ್ದೆಲ್ಲ ಹಳೇದಿದ್ದು ಡ್ಯಾಂಪರ್ ಮಾತ್ರ ಫಳಫಳ ಅಂದರೆ ಕಾರಣ ಕೇಳಿ.

ಚಕ್ರ ಎತ್ತಿದಾಗಲೇ ಫೋರ್ ವೀಲ್ ಡ್ರೈವ್ ಕೂಡ ಪರೀಕ್ಷೆ ಮಾಡಿಬಿಡಿ. ಮುಂದಿನ ಒಂದೇ ಚಕ್ರ ಮೇಲಿರಲಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟಿರಲಿ, ಎಂಜಿನ್ ಆಫ್. ಹಬ್ (ಮುಂದಿನ ಚಕ್ರವನ್ನ ಆ್ಯಕ್ಸಲ್ಲಿಗೆ ಸೇರಿಸೋ, ಬಿಡಿಸೋ ಲಾಕ್) ಕೈಯಿಂದ ತಿರುಗಿಸೋ ತರದ್ದಾದರೆ ಮೊದಲು ಫ್ರೀಯಲ್ಲಿಟ್ಟು ಚಕ್ರ ತಿರುಗಿಸಿ: ಚಕ್ರ ಮಾತ್ರ ತಿರುಗಬೇಕು, ಮುಂದಿನ ಪ್ರೊಪೆಲ್ಲರ್ ಶಾಫ್ಟ್ (ಆ್ಯಕ್ಸಲ್ಲಿಗೆ ಬಲ ಒಯ್ಯೋ ಉದ್ದನೆ ಸರಳು) ಅಲುಗಬಾರದು. ಎರಡೂ ಕಡೆ ಹಬ್ ಲಾಕ್ ಮಾಡಿ, ಲಿವರ್ ಟೂ ಹೈನಲ್ಲಿಟ್ಟು (ಹಿಂದಿನ ಚಕ್ರಗಳಿಗೆ ಮಾತ್ರ ಬಲ) ತಿರುಗಿಸಿದರೆ ಶಾಫ್ಟೂ ತಿರುಗಬೇಕು. ಈಗ ಲಿವರ್ ಫೋರ್ ಹೈಗೆ (ನಾಲ್ಕೂ ಚಕ್ರಕ್ಕೆ ಬಲ) ಹಾಕಿ: ಸ್ವಲ್ಪ ಆಟ ಬಿಟ್ಟರೆ ಚಕ್ರ ತಿರುಗಲೇಬಾರದು. ತಿರುಗಿದರೆ ಹಬ್ ಕಚ್ಚುತ್ತಿಲ್ಲ, ಇಲ್ಲಾ ಎರಡೂ ಆ್ಯಕ್ಸಲ್ಲಿಗೆ ಬಲ ಹಂಚೋ ಟ್ರಾನ್ಸ್‌ಫರ್ ಕೇಸ್ ಕಚ್ಚುತ್ತಿಲ್ಲ. ಇನ್ನೊಂದು ಬದಿಗೂ ಇದನ್ನೇ ಮಾಡಿ. ಕೇಳೋಕೆ ಉದ್ದ, ಮಾಡೋಕೆ ಕಾಲು ಗಂಟೆ.

ಓಡಿಸಿ ನೋಡುವಾಗ ಫೋರ್ ವೀಲ್ ಹಾಕೋದು ಮಣ್ಣಿನ ಮೇಲೆ ಮಾತ್ರ. ಮುಂದಿನ, ಹಿಂದಿನ ಶಾಫ್ಟ್ ಬೇರೆಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಸೆಂಟರ್ ಡಿಫರೆನ್ಷಿಯಲ್ ಜಿಪ್ಸಿಗೆ ಇಲ್ಲ. ಟಾರು ರೋಡಲ್ಲಿ ಫೋರ್ ಹೈ ಹಾಕಿ ತಿರುಗಿಸಿದರೆ ಮುಂದಿನ ಹಿಂದಿನ ಚಕ್ರಗಳು ಕ್ರಮಿಸೋ ದೂರದಲ್ಲಿ ವ್ಯತ್ಯಾಸ ಬಂದು ಶಾಫ್ಟುಗಳು ಬಿಗಿದುಕೊಳ್ಳುತ್ತವೆ. ಒಂದು ಏರು ಹುಡುಕಿ ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಎಳೆತದ ಗೇರು), ಮೊದಲ ಗೇರಲ್ಲಿ ಹತ್ತಿ, ಅದೇ ಗೇರಲ್ಲಿ ಬ್ರೇಕ್ ಮುಟ್ಟದೆ ಇಳಿಯಿರಿ. ಇಳಿಯುವಾಗ ಲಿವರ್ ತಾನಾಗಿ ಹಾರಿ ನ್ಯೂಟ್ರಲ್‌ಗೆ ಬಿದ್ದರೆ ಟ್ರಾನ್ಸ್‌ಫರ್ ಕೇಸ್ ಬಿಚ್ಚಬೇಕು. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಹೋಗುವಾಗ ಮುಂದೆ ಟಕ್ ಟಕ್ ಅಂದರೆ ಮುಂದಿನ ಚಕ್ರಕ್ಕೆ ಬಲ ಕೊಡೋ ಸಿವಿ ಜಾಯಿಂಟ್ ಹೋಗಿದೆ. ಮೂರರಿಂದ ಎರಡಕ್ಕೆ ಇಳಿಸುವಾಗ ಗೇರು ಕರಕರ ಅಂದರೆ ಸಿಂಕ್ರೊ (ಗೇರು ನಯವಾಗಿ ಸೇರಿಸೋ ಭಾಗ) ಸವೆದಿದೆ.

ಇನ್ನೊಂದು ಪರೀಕ್ಷೆಗೆ ಮಾಲೀಕರು ಗೊಣಗಬಹುದು, ಬಿಡಬೇಡಿ: ಎರಡೂ ಡಿಫರೆನ್ಷಿಯಲ್‌ನ ಫಿಲ್ಲರ್ ಪ್ಲಗ್ ಬಿಚ್ಚಿ ಬೆರಳು ಹಾಕಿ. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕಿದ್ದರೆ ನೀರು ಹೋಗಿದೆ. ಓಡಿ ಬಿಸಿಯಾದ ಆ್ಯಕ್ಸಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತೆ. ಬ್ರೀದರ್ (ಒಳಗಿನ ಗಾಳಿ ಆಡೋ ಸಣ್ಣ ಕಿಂಡಿ) ಮಣ್ಣಿಂದ ಮುಚ್ಚಿದ್ದರೆ ಸೀಲ್ ಮೂಲಕ ನೀರನ್ನೇ ಎಳೆದುಕೊಳ್ಳುತ್ತೆ. ಮಾಂದಲಪಟ್ಟಿ, ಕೊಡಚಾದ್ರಿ ಕಡೆ ದಿನವೂ ಜನರನ್ನ ಹತ್ತಿಸಿ ಇಳಿಸಿದ ಗಾಡಿಗಳಲ್ಲಿ ಇದನ್ನ ತಪ್ಪದೆ ನೋಡಿ, ಜೊತೆಗೆ ಕ್ಲಚ್ಚು, ಲೀಫ್ ಸ್ಪ್ರಿಂಗ್ ಬುಷ್ಷು.

ಎಂಜಿನ್ ಬಗ್ಗೆ ಹೆಚ್ಚು ಹೇಳೋದಿಲ್ಲ. ಬೆಳಗ್ಗೆ ಹೋಗಿ, ನೀವು ಬರೋ ತನಕ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿರಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ನೀಲಿ ಹೊಗೆ, ಕೂಲೆಂಟ್‌ನಲ್ಲಿ ಎಣ್ಣೆ ತೇಲೋದು, ಇಪ್ಪತ್ತು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟಾಗ ಟೆಂಪರೇಚರ್ ಮುಳ್ಳು ಏರ್ತಾ ಹೋಗೋದು, ಇಷ್ಟು ನೋಡಿದರೆ ಸಾಕು. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಅನ್ನೋದಕ್ಕೆ ಬಿಲ್ ಇಲ್ಲದಿದ್ದರೆ ಬದಲಾಯಿಸಿಲ್ಲ ಅಂತಲೇ ಲೆಕ್ಕ ಹಾಕಿ.

ಕಾಗದಕ್ಕೆ ಬಂದರೆ, ಆರ್‌ಸಿ ಕಾರ್ಡ್ ನೋಡಿ ಸುಮ್ಮನಾಗಬೇಡಿ. ಆರ್‌ಟಿಒದಿಂದ ಬಿ ಎಕ್ಸ್‌ಟ್ರಾಕ್ಟ್ (ಗಾಡಿಯ ನೋಂದಣಿ ದಾಖಲೆಯ ಪ್ರತಿ) ತೆಗೆಸಿ, ಚಾಸಿ ಮೇಲೆ ಕೊರೆದಿರೋ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆದು ಒಂದೊಂದೇ ಅಕ್ಷರ ಹೋಲಿಸಿ. ಎಂಜಿನ್ ನಂಬರೂ ಹಾಗೆಯೇ. ಎಸ್ಟೀಮ್ ಎಂಜಿನ್ ಕೂರಿಸಿ ಆರ್‌ಸಿಯಲ್ಲಿ ಬದಲಾಯಿಸದ ಗಾಡಿಗಳು ಬಹಳ. ಡೀಸೆಲ್ ಎಂಜಿನ್ ಹಾಕಿದ ಜಿಪ್ಸಿ ಮೈಲೇಜಿನ ಆಸೆ ತೋರಿಸುತ್ತೆ, ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರೋ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ.

ಸೇನೆಯ ಹರಾಜಿನ ಜಿಪ್ಸಿ ಅಂತ ಬಂದರೆ ಈಗಾಗಲೇ ಸಿವಿಲ್ ನಂಬರ್ ಆಗಿದ್ದರೆ ಮಾತ್ರ ನೋಡಿ. 'ಹರಾಜಿನ ಪೇಪರ್ ಇದೆ, ರಿಜಿಸ್ಟ್ರೇಷನ್ ಮಾಡಿಸಿಕೊಡ್ತೀವಿ' ಅನ್ನೋ ಮಾತಿಗೆ ಮುಂಗಡ ಕೊಡಬೇಡಿ. ಹರಿಯಾಣದ ಮಂಡಿ ಡಬ್ವಾಲಿ ಕಡೆಯಿಂದ ಲಾರಿಯಲ್ಲಿ ಬರೋ ಜೋಡಿಸಿದ ಜೀಪುಗಳಿಗೂ ಇದೇ ಮಾತು. ಫೋಟೋ ಚೆಂದ, ಕಾಗದ ಶೂನ್ಯ. ಹೊರರಾಜ್ಯದ ಗಾಡಿಯಾದರೆ ಫಾರ್ಮ್ 28ರ ಎನ್‌ಒಸಿ (ಹಳೇ ಆರ್‌ಟಿಒದ ನಿರಾಕ್ಷೇಪಣಾ ಪತ್ರ) ಜೊತೆಗೆ ಇಲ್ಲಿ ಮತ್ತೆ ಲೈಫ್ ಟ್ಯಾಕ್ಸ್ ಕಟ್ಟಬೇಕು, ಅದನ್ನ ಬೆಲೆಗೆ ಸೇರಿಸಿಕೊಂಡೇ ಹೋಲಿಸಿ. 15 ವರ್ಷ ದಾಟಿದ ಗಾಡಿಯ ಆರ್‌ಸಿ ನವೀಕರಣ ಆಗಿರಬೇಕು. ಅದು ಐದೈದು ವರ್ಷಕ್ಕೆ. ಶುಲ್ಕ 2022ರಿಂದ 5,000 ರೂಪಾಯಿ, 20 ವರ್ಷ ದಾಟಿದವಕ್ಕೆ 2025ರಿಂದ 10,000. ಗ್ರೀನ್ ಟ್ಯಾಕ್ಸ್ ಬೇರೆ. ನವೀಕರಣ ಆಗದ ಗಾಡಿಯನ್ನ ಅವರೇ ಮಾಡಿಸಿಕೊಡಲಿ, ಆಮೇಲೆ ದುಡ್ಡು. ಲಿಫ್ಟ್ ಕಿಟ್ (ಗಾಡಿ ಎತ್ತರಿಸೋದು), ಬುಲ್ ಬಾರ್ ಇದ್ದರೆ ಇನ್ಸ್‌ಪೆಕ್ಷನ್‌ಗೆ ಮುಂಚೆ ಬಿಚ್ಚಬೇಕಾಗುತ್ತೆ.

ಐದು ಲಕ್ಷವನ್ನೂ ಗಾಡಿಗೇ ಸುರಿಯಬೇಡಿ. ನಾಲ್ಕಕ್ಕೆ ಮುಗಿಸಿ, ಒಂದು ಲಕ್ಷ ಮೊದಲ ಎರಡು ತಿಂಗಳಿಗೆ ಎತ್ತಿಡಿ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡು ಡಿಫರೆನ್ಷಿಯಲ್ ಸೇರಿ ಐದಾರು ಲೀಟರ್ ಗೇರ್ ಆಯಿಲ್, ಟೈಮಿಂಗ್ ಬೆಲ್ಟು ಜೊತೆಗೆ ಟೆನ್ಷನರ್ ಮತ್ತು ವಾಟರ್ ಪಂಪು, ಕಿಂಗ್‌ಪಿನ್ ಬೇರಿಂಗು, ಎಲ್ಲ ಬುಷ್ಷು, ಬ್ರೀದರ್‌ಗಳಿಗೆ ಪೈಪ್ ಜೋಡಿಸಿ ಬಾನೆಟ್ ಎತ್ತರಕ್ಕೆ ತರೋದು. ಟೈರ್ 215/75 ಆರ್15 ಆಲ್ ಟೆರೇನ್ ಸಾಕು. 235ಕ್ಕೆ ಹೋದರೆ ಉಜ್ಜುತ್ತೆ, ಲಿಫ್ಟ್ ಕೇಳುತ್ತೆ, 80 ಬಿಎಚ್‌ಪಿ ಎಂಜಿನ್ನಿಗೆ ಭಾರವೂ ಆಗುತ್ತೆ. ಅದರ ಬದಲು ಮಣ್ಣಿಗಿಳಿಯೋ ಮುಂಚೆ ಗಾಳಿಯನ್ನ 16–18 ಪಿಎಸ್ಐಗೆ ಇಳಿಸಿ, ಟಾರಿಗೆ ಬಂದ ಕೂಡಲೇ ತುಂಬೋಕೆ 12 ವೋಲ್ಟ್ ಪಂಪ್ ಇಟ್ಟುಕೊಳ್ಳಿ. ಹೂತ ಗಾಡಿ ಎಳೆಯೋ ಪಟ್ಟಿಯನ್ನ ಚಾಸಿಗೆ ಬೋಲ್ಟ್ ಆಗಿರೋ ಹುಕ್ಕಿಗೇ ಕಟ್ಟಬೇಕು. ಬಂಪರ್‌ಗೆ ಕಟ್ಟಿದರೆ ಕಿತ್ತುಬಂದು ಹಿಂದಿರೋರ ಮುಖಕ್ಕೆ ಬಡಿಯುತ್ತೆ.

ಓಡಿಸೋ ಜಾಗದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಸಕಲೇಶಪುರ, ಮೂಡಿಗೆರೆ ಸುತ್ತ ಮ್ಯಾಪಲ್ಲಿ ಕಾಣೋ ದಾರಿಗಳಲ್ಲಿ ಎಷ್ಟೋ ಮೀಸಲು ಅರಣ್ಯದವು, ಇನ್ನೆಷ್ಟೋ ಖಾಸಗಿ ತೋಟದವು. ಮೊದಲನೇದಕ್ಕೆ ಅನುಮತಿಯಿಲ್ಲದೆ ಹೋದರೆ ಅರಣ್ಯ ಕಾಯ್ದೆಯಡಿ ಕೇಸಾಗಿ ಗಾಡಿಯೇ ಜಪ್ತಿಯಾಗಬಹುದು. ತೋಟದವರನ್ನ ಕೇಳಿದರೆ ಸಾಮಾನ್ಯವಾಗಿ ಬಿಡ್ತಾರೆ, ಕೊಯ್ಲಿನ ಸಮಯ ಬಿಟ್ಟು ಬನ್ನಿ ಅಂತಾರೆ. ಹುಲ್ಲುಗುಡ್ಡದ ಮೇಲೆ ಮಾತ್ರ ಹತ್ತಿಸಬೇಡಿ. ಮಳೆಗಾಲದಲ್ಲಿ ಚಕ್ರ ಕೊರೆದ ಗೆರೆಯಲ್ಲೇ ನೀರು ಹರಿದು ಮರುವರ್ಷಕ್ಕೆ ಅದು ಕೊರಕಲಾಗಿರುತ್ತೆ.