ಓಟ ಬಿಟ್ಟ ಮೇಷ್ಟ್ರು

(ಬರೆಯಲು ಅವರೇ ಒಪ್ಪಿದ್ದಾರೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಶಿವಮೊಗ್ಗದ ನಿವೃತ್ತ ಮೇಷ್ಟ್ರು, ವಯಸ್ಸು 66. ಆಪ್ತಸಲಹೆಗೆ ಅಂತ ನನ್ನ ಹತ್ತಿರ ಕರೆದುಕೊಂಡು ಬಂದದ್ದು ಅವರ ಹೆಂಡತಿ. "ಓಡೋದು ಬಿಟ್ಟಾಗಿಂದ ಎಲ್ಲರ ಮೇಲೂ ರೇಗ್ತಾರೆ ಮೇಡಂ. ಶೂಗೆ ಬೂಷ್ಟು ಹಿಡಿದಿದೆ, ಮುಟ್ಟೋಕೂ ಬಿಡಲ್ಲ" ಎಂದರು.

ಮೇಷ್ಟ್ರು ಒಂದು ಹಳೇ ನೋಟ್‌ಬುಕ್ ತಂದಿದ್ದರು. ಪ್ರತಿ ಭಾನುವಾರ ಗಾಜನೂರು ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಡಿದ ಲೆಕ್ಕ ಅದರಲ್ಲಿದೆ. 48ನೇ ವಯಸ್ಸಿನಲ್ಲಿ 54 ನಿಮಿಷ, ಈಗ 67. "ಇನ್ನು ಎಂತಕ್ಕೆ ಓಡೋದು ಮಾರಾಯ್ರೇ?"

ಮಗಳು ಫೌಜಾ ಸಿಂಗ್ ವಿಡಿಯೋ ಕಳಿಸಿದ್ದಳಂತೆ, 2011ರಲ್ಲಿ ಟೊರಾಂಟೊ ಮ್ಯಾರಥಾನ್ ಮುಗಿಸಿದ ನೂರು ವರ್ಷದ ಅಜ್ಜನದ್ದು. ಅದನ್ನು ನೋಡಿ ಇವರಿಗೆ ಇನ್ನೂ ಬೇಜಾರಾಗಿದೆ. ಇಂಥ ವಿಡಿಯೋ ಹುರುಪು ಕೊಡುತ್ತೆ ಅಂದುಕೊಂಡೇ ಮಕ್ಕಳು ಕಳಿಸುತ್ತಾರೆ. ಸೋತಂತಿರುವ ಮನಸ್ಸಿಗೆ ಅದು ಬೈದ ಹಾಗೆ ಕೇಳಿಸುತ್ತೆ.

ಮೊದಲು ದೇಹದ ವಿಷಯ. ಮೂವತ್ತು ದಾಟಿದ ಮೇಲೆ ದೇಹ ಆಮ್ಲಜನಕ ಬಳಸುವ ಶಕ್ತಿ ಹತ್ತು ವರ್ಷಕ್ಕೆ ಸುಮಾರು ಶೇ. 10ರಷ್ಟು ಇಳಿಯುತ್ತೆ. ಅಭ್ಯಾಸ ಇದ್ದವರಿಗೆ ಸ್ವಲ್ಪ ಕಡಿಮೆ. ಹಾಗಾಗಿ 67 ನಿಮಿಷ ನಾಚಿಕೆಪಡುವ ಅಂಕಿಯೇ ಅಲ್ಲ. ಹಿರಿಯರ ಅಥ್ಲೆಟಿಕ್ಸ್‌ನಲ್ಲಿ 35ರಿಂದ ಐದೈದು ವರ್ಷಕ್ಕೊಂದು ಗುಂಪು ಮಾಡುವುದು ಇದಕ್ಕೇ ಅಲ್ವಾ? ಆದರೂ ವೈದ್ಯರ ಹತ್ತಿರ ಕಳಿಸಿದೆ. ಇವರು ಬಿಪಿಗೆ ಹೊಸ ಮಾತ್ರೆ ಶುರುಮಾಡಿದ್ದರು. ಕೆಲವು ಬಿಪಿ ಮಾತ್ರೆಗಳು ಎದೆಬಡಿತ ಏರದಂತೆ ಹಿಡಿಯುತ್ತವೆ, ಓಟ ನಿಧಾನವಾಗುತ್ತೆ. ಹಾಗಂತ ಕೇಳದೆ ಮಾತ್ರೆ ಬಿಡಬಾರದು. ನಿದ್ದೆ, ಊಟ ವಿಚಾರಿಸಿದೆ. ಖಿನ್ನತೆ ಅನ್ನುವಷ್ಟು ಇರಲಿಲ್ಲ.

ಎರಡನೇ ಭೇಟಿಯಲ್ಲಿ, ಓಡಿ ಬಂದ ಮೇಲೆ ಏನು ಮಾಡ್ತಿದ್ರಿ ಅಂತ ಸುಮ್ನೆ ಕೇಳಿದೆ.

"ಹೋಟ್ಲಲ್ಲಿ ಬೈ-ಟು ಕಾಫಿ."

ಅಷ್ಟಕ್ಕೇ ಮಾತು ನಿಂತಿತು. ನೋಟ್‌ಬುಕ್ ಮತ್ತೆ ತೆರೆಸಿದೆ. ಪ್ರತಿ ಪುಟದಲ್ಲೂ ಎರಡು ಕಾಲಂ. ಎರಡನೆಯದು ಸಂಕ್ರಾಂತಿಯಿಂದ ಖಾಲಿ. ಹದಿನೆಂಟು ವರ್ಷ ಜೊತೆಗೆ ಓಡಿದ ಗೆಳೆಯ ಮಗನ ಮನೆಗೆ ಅಂತ ಬೆಂಗಳೂರು ಸೇರಿದ್ದರು. ಈಚೆಗೆ ಮಲೆನಾಡಿನ ಎಷ್ಟೋ ಮನೆಗಳ ಕಥೆ ಇದು. ಮೊದಲ ಸಲವೇ ಆ ಖಾಲಿ ಕಾಲಂ ನನಗೆ ಕಾಣಬೇಕಿತ್ತು. ನಾನೂ ನಿಮಿಷಗಳನ್ನೇ ನೋಡುತ್ತಾ ಕೂತಿದ್ದೆ.

ಹಟ ಹಿಡಿದು ಓಡಿ ಅಂತ ನಾನು ಹೇಳಲಿಲ್ಲ. ಗೆಳೆಯರಿಲ್ಲದ್ದು ನೋವು, ಅದನ್ನು ನೋವು ಅಂತಲೇ ಕರೆಯಿರಿ, ಮನೆಯವರಿಗೂ ಹೇಳಿ ಎಂದೆ. ಫೌಜಾ ಸಿಂಗ್ ಕೂಡ ಮಗನನ್ನು ಕಳೆದುಕೊಂಡ ದುಃಖದಲ್ಲೇ ಓಟ ಹಿಡಿದವರು, ಅವರ ಜೊತೆಗೂ ಒಬ್ಬ ಕೋಚ್ ಇದ್ದರು. ಆಮೇಲೆ ಒಂದು ಏರ್ಪಾಡು ಹೇಳಿದೆ: ಭಾನುವಾರ ಬೆಳಿಗ್ಗೆ ಆರಕ್ಕೆ ಮೇಷ್ಟ್ರು, ಗೆಳೆಯ ಇಬ್ಬರೂ ಅವರವರ ಊರಲ್ಲಿ ಓಡಬೇಕು, ಮುಗಿಸಿ ಫೋನ್ ಮಾಡಬೇಕು. ವಾರದ ನಡುವೆ ಎರಡು ದಿನ ವಾಚ್ ಮನೆಯಲ್ಲಿಟ್ಟು, ಮಾತಾಡಲು ಆಗುವಷ್ಟು ನಿಧಾನಕ್ಕೆ ಓಟ, ನಡುವೆ ಒಂದು ದಿನ ಬಿಡುವು. ಜೋರು ಮಳೆ ಬಂದರೆ ಹಟ ಬೇಡ. ಪಾಚಿ ಕಟ್ಟಿದ ರಸ್ತೆಯಲ್ಲಿ ಈ ವಯಸ್ಸಿಗೆ ಬಿದ್ದರೆ ಕಷ್ಟ. ಅವತ್ತು ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಗೋಡೆ ಪಕ್ಕ ಒಂಟಿ ಕಾಲಲ್ಲಿ ನಿಲ್ಲುವುದು.

ಮೂರು ತಿಂಗಳ ನಂತರ ಬಂದರು. ನಡುವಿನ ದಿನಗಳ ಓಟ ಅರ್ಧಕ್ಕರ್ಧ ತಪ್ಪಿದೆ. ಭಾನುವಾರದ್ದು ಮಾತ್ರ ತಪ್ಪಿದ್ದು ಒಂದೇ ಒಂದು ಸಲ. ಎರಡನೇ ಕಾಲಂ ಈಗ ಮೇಷ್ಟ್ರ ಅಕ್ಷರದಲ್ಲೇ ತುಂಬುತ್ತಿದೆ. ಕಳೆದ ವಾರ ಗೆಳೆಯರದ್ದು 61 ನಿಮಿಷವಂತೆ.

"ಸುಳ್ಳು ಹೇಳ್ತಾನೆ ಮೇಡಂ ಅವ್ನು" ಎಂದರು. "ದೀಪಾವಳಿಗೆ ಬರ್ತಾನಲ್ಲ, ನೋಡೇ ಬಿಡ್ತೀನಿ."